ಊದುಗೊಳವೆ

ಆದಿಚುಂಚನಗಿರಿಯ ಬೆಟ್ಟ ಕಾಣುವಷ್ಟು ದೂರದಲ್ಲಿದೆ ನಮ್ಮೂರು. ಹೋದ ಸಂಕ್ರಾಂತಿಗೆ ಬೆಂಗಳೂರಿನಿಂದ ಹೋದವನು ಜಗಲಿಯ ಮೇಲೆ ಕುಳಿತು ನವಿಲಿನ ಕೂಗು ಕೇಳುತ್ತಿದ್ದೆ. ಒಳಗಿನಿಂದ ಹಾಲು ಸೀದ ವಾಸನೆ ಬಂತು. ಓಡಿಹೋಗಿ ನೋಡಿದರೆ ಪಾತ್ರೆ ಕರಿಕಾಗಿದೆ. ಅವ್ವ ಎರಡು ಮಾರು ದೂರದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಾಳೆ.

"ವಾಸನೆ ಬರಲಿಲ್ವೇನವ್ವ?" ಎಂದೆ.

"ಯಾವ ವಾಸ್ನೆ ಮಗಾ?" ಎಂದಳು.

ಮರೆವು ಮೊದಲೇ ಇತ್ತು. ಮೂಗೂ ಕೈಕೊಟ್ಟದ್ದು ನನಗೆ ತಿಳಿದದ್ದು ಅಂದೇ. ವೈದ್ಯರಿಗೆ ಹೇಳಿದೆ. ಮರೆವಿನ ಕಾಯಿಲೆಯಲ್ಲಿ ಮೂಗು ಮೊದಲೇ ಸೋಲುವುದುಂಟು ಎಂದವರು, "ಅಡಿಗೆ ಯಾವುದರಲ್ಲಿ ಮಾಡುತ್ತಿದ್ದರು?" ಎಂದು ಕೇಳಿದರು. ಮರೆವಿಗೂ ಒಲೆಗೂ ಎಲ್ಲಿಯ ನಂಟು ಎಂದುಕೊಂಡೆ.

ಅವ್ವನದು ನಲವತ್ತು ವರ್ಷದ ಒಲೆ. ಹಸಿ ಸೌದೆ, ಬೆರಣಿ, ಕಬ್ಬಿನ ತರಗು. ಅಡಿಗೆಮನೆಗೆ ಕಿಟಕಿ ಬರಿಯ ಅಲಂಕಾರವೆಂದು ಮನೆ ಕಟ್ಟಿಸಿದ ತಾತ ತಿಳಿದಿದ್ದರೋ ಏನೋ, ಇಡಿಸಿರಲಿಲ್ಲ. ಒಲೆ ಮುನಿದಾಗಲೆಲ್ಲ ಅವ್ವ ಊದುಗೊಳವೆ ಹಿಡಿದು ಬಗ್ಗುವಳು. ಒಮ್ಮೆ ಊದಿ ಮತ್ತೆ ಊದುವ ಮುನ್ನ ಉಸಿರೆಳೆಯಬೇಕಲ್ಲ, ಆ ಉಸಿರೆಲ್ಲ ಹೊಗೆ. ಇದರ ಮೇಲೆ ಆಲೆಮನೆಯ ಹೊಗೆ ಬೇರೆ. ಬೆಲ್ಲದ ಪರಿಮಳ ಬೆರೆತದ್ದರಿಂದ ಅದನ್ನು ನಾವು ಹೊಗೆಯೆಂದು ಎಣಿಸಿಯೇ ಇರಲಿಲ್ಲ.

ಹೊಗೆಯ ಕೇಡು ಕಣ್ಣಿಗೆ, ಎದೆಗೆ ಎಂದಷ್ಟೇ ನಾನು ತಿಳಿದಿದ್ದೆ. ಆಮೇಲೆ ಓದಿದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು (ಒಂದು ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತರಷ್ಟು ಸಾಲಾಗಿ ನಿಲ್ಲಬಲ್ಲವು) ಪುಪ್ಪುಸದ ಆಳಕ್ಕಿಳಿಯುತ್ತವೆ. ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಮೂಗಿನಿಂದ ಮಿದುಳಿಗೆ ವಾಸನೆಯ ನರ ನೇರವಾಗಿ ಹೋಗುತ್ತದೆ. ಆ ದಾರಿಯಲ್ಲೂ ಇವು ಏರಬಲ್ಲವೆಂಬುದನ್ನು ಪ್ರಾಣಿಗಳಲ್ಲಿ ಕಂಡಿದ್ದಾರೆ. 2016ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದವರು, ಮೆಕ್ಸಿಕೊ ನಗರ ಮತ್ತು ಮ್ಯಾಂಚೆಸ್ಟರಿನಲ್ಲಿ ತೀರಿಕೊಂಡವರ ಮಿದುಳಿನಲ್ಲಿ, ಉರಿಯಲ್ಲಿ ಹುಟ್ಟುವಂಥ ಗುಂಡನೆಯ ಕಬ್ಬಿಣದ ಕಣಗಳನ್ನು ಕಂಡರು. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ, ಮರೆವಿನ ಕಾಯಿಲೆಗೆ ತಪ್ಪಿಸಬಹುದಾದ ಕಾರಣಗಳ ಪಟ್ಟಿಗೆ ಗಾಳಿಯ ಮಾಲಿನ್ಯವನ್ನೂ ಸೇರಿಸಿತು.

"ಹಾಗಾದರೆ ಅವ್ವನ ಮರೆವು ಒಲೆಯಿಂದಲೇ?" ಎಂದು ವೈದ್ಯರನ್ನು ಮತ್ತೆ ಕೇಳಿದೆ. ಸಾವಿರ ಜನರ ಲೆಕ್ಕ ಹೇಳಬಹುದು, ಒಬ್ಬರ ಲೆಕ್ಕ ಹೇಳಲಾಗದು. ವಯಸ್ಸು, ರಕ್ತದೊತ್ತಡ, ಸಕ್ಕರೆ ಎಲ್ಲವೂ ಇವೆಯಲ್ಲ, ಎಂದರು. ನ್ಯಾಯವಾದ ಮಾತೇ. ಆದರೆ ಆ ಒಲೆಯ ಮೇಲೆ ಬೆಂದ ಮುದ್ದೆ ತಿಂದು ಓದಿ ಪಟ್ಟಣ ಸೇರಿದವನು ನಾನು. ನನ್ನ ಲೆಕ್ಕ ಅಷ್ಟಕ್ಕೆ ಮುಗಿಯಲಿಲ್ಲ.

ಅಡಿಗೆಗೆ ಗ್ಯಾಸ್ ಬಂದು ಹತ್ತು ವರ್ಷವಾಯಿತು. ಬಚ್ಚಲ ಹಂಡೆಗೆ ಮಾತ್ರ ಸೌದೆಯೇ ಇತ್ತು. ಚಳಿಯೆಂದು ಅವ್ವ ಅದರ ಮುಂದೆಯೇ ಕೂರುವಳು. ಈ ಸಲ ಗೀಸರ್ ಹಾಕಿಸಿ, ಊದುಗೊಳವೆಯನ್ನು ಅಟ್ಟದ ಮೇಲಿಟ್ಟು ಬಂದೆ. ತಮ್ಮ ಫೋನು ಮಾಡಿದ್ದ. ಸಂಜೆಯಾದರೆ ಅವ್ವ ಅದನ್ನು ಮನೆಯೆಲ್ಲ ಹುಡುಕುತ್ತಾಳಂತೆ.