‘ಸ್ವಲ್ಪ ಸಹಿಸ್ಕೋ’ ಅನ್ನೋದು ಚಿಕಿತ್ಸೆ ಅಲ್ಲ

1/6

ಕಣ್ಣಿನ ಹತ್ರ ಏನಾದ್ರೂ ಬಂದ್ರೆ ರೆಪ್ಪೆ ತಾನಾಗೇ ಮುಚ್ಚಿಕೊಳ್ಳತ್ತೆ. ‘ಮುಚ್ಚಬೇಡ’ ಅಂತ ಎಷ್ಟು ಅಂದುಕೊಂಡ್ರೂ ಅದು ನಮ್ಮ ಮಾತು ಕೇಳಲ್ಲ. ಹೆಣ್ಣಿನ ದೇಹದಲ್ಲಿ ಇನ್ನೊಂದು ಕಡೆಯೂ ಹೀಗೆ ಆಗಬಹುದು. ಯೋನಿಯ ಸುತ್ತ ಇರೋ ಸ್ನಾಯುಗಳು, ಅವಳಿಗೆ ಇಷ್ಟ ಇದ್ರೂ, ಗಟ್ಟಿಯಾಗಿ ಬಿಗಿದುಕೊಂಡುಬಿಡ್ತವೆ. ಆಗ ಸೆಕ್ಸ್ ಸಾಧ್ಯವೇ ಆಗಲ್ಲ, ಆದ್ರೂ ತಡೆಯೋಕಾಗದ ನೋವು. ಕೆಲವರಿಗೆ ಮೆನ್‌ಸ್ಟ್ರುವಲ್ ಕಪ್ ಹಾಕಿಕೊಳ್ಳೋಕೂ ಆಗಲ್ಲ, ಡಾಕ್ಟರ್ ಒಳಪರೀಕ್ಷೆ ಮಾಡೋಕೂ ಆಗಲ್ಲ. ಇದಕ್ಕೆ ವಜೈನಿಸ್ಮಸ್ ಅಂತಾರೆ.

ಕ್ಲಾಸಲ್ಲಿ ಪೆಲ್ವಿಕ್ ಫ್ಲೋರ್ ಪಾಠ ಬಂದಾಗ ಏನಾಯ್ತು ಅಂತ ನಿಮಗೆ ನೆನಪಿರಬೇಕು. ಹಿಂದಿನ ಬೆಂಚಲ್ಲಿ ನಗು, ಮುಂದಿನ ಬೆಂಚಲ್ಲಿ ಬಗ್ಗಿಸಿದ ತಲೆ. ಪಾಠ ಬೇಗ ಮುಗೀತು, ಎಲ್ಲರೂ ಟೀ ಕುಡಿಯೋಕೆ ಹೋದ್ವಿ. ಆದ್ರೆ ಆ ಪಾಠದಲ್ಲಿದ್ದ ಸ್ನಾಯುಗಳೇ ನಮ್ಮ ಮನೆಯ ಒಬ್ಬಳ ಸಂಸಾರವನ್ನ ಮುರಿಯೋ ಹಂತಕ್ಕೆ ತಂದಿದ್ವು. ಅವಳು ನಮ್ಮ ದೊಡ್ಡಮ್ಮನ ಮಗಳು. ‘ಬರಿ, ಹೆಸರು ಮಾತ್ರ ಹಾಕಬೇಡ’ ಅಂದಿದ್ದಾಳೆ. ಹಾಗಾಗಿ ಇಲ್ಲಿ ಅವಳು ಬರೀ ‘ಅಕ್ಕ’.

2/6

ಅಕ್ಕನ ಮದುವೆ ಅವಳು ಒಪ್ಪಿಯೇ ಆದದ್ದು. ಭಾವ ಒಳ್ಳೆಯವರು. ಆದ್ರೆ ಮೊದಲ ದಿನದಿಂದಲೂ ಸೇರೋಕೆ ಆಗಲೇ ಇಲ್ಲ. ‘ಗೋಡೆಗೆ ಹೊಡೆದ ಹಾಗೆ ಇರತ್ತೆ ಕಣೇ’ ಅಂತ ಅವಳು ನನಗೆ ಹೇಳಿದ್ದು ಮದುವೆಯಾಗಿ ಒಂದೂವರೆ ವರ್ಷ ಆದ ಮೇಲೆ. ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಹೇಳೋಕೆ ಅವಳ ಹತ್ರ ಪದವೇ ಇರಲಿಲ್ಲ.

ಹೊರಗಡೆ ಮಾತ್ರ ಪ್ರಶ್ನೆ ನಿಂತಿರಲಿಲ್ಲ. ‘ಏನಮ್ಮಾ, ವಿಶೇಷ ಏನೂ ಇಲ್ವಾ?’ ಹರಕೆ ಆಯ್ತು, ನಾಗಪ್ರತಿಷ್ಠೆ ಆಯ್ತು. ಒಬ್ಬ ಡಾಕ್ಟರ್ ‘ರಿಲ್ಯಾಕ್ಸ್ ಆಗಮ್ಮ, ಸ್ವಲ್ಪ ಸಹಿಸ್ಕೋ’ ಅಂದ್ರು. ಇನ್ನೊಬ್ಬರು ‘ಒಂದು ಮಗು ಆದ್ರೆ ಎಲ್ಲಾ ಸರಿಹೋಗತ್ತೆ’ ಅಂದ್ರು. ಮಗು ಆಗೋಕೆ ಮುಂಚೆ ಆಗಬೇಕಾದದ್ದೇ ಆಗ್ತಿಲ್ಲ ಅನ್ನೋದನ್ನ ಯಾರೂ ಕೇಳಿಸಿಕೊಳ್ಳಲಿಲ್ಲ.

ಭಾವನಿಗೆ ‘ಇವಳಿಗೆ ನಾನು ಇಷ್ಟ ಇಲ್ಲ’ ಅನ್ನೋ ಅನುಮಾನ ಶುರುವಾಯ್ತು. ಕೊನೆಗೆ ಎರಡೂ ಕಡೆ ಹಿರಿಯರು ಕೂತ ದಿನ, ಅವರಲ್ಲೊಬ್ಬರು ಕೇಳಿದ ಮಾತು ಇದು: ‘ಹುಡುಗಿಗೆ ಮುಂಚೆ ಯಾರಾದ್ರೂ ಇದ್ರಾ?’ ಒಂದು ಸ್ನಾಯುವಿನ ಸಮಸ್ಯೆ ನೋಡನೋಡ್ತಾ ಅವಳ ನಡತೆಯ ಪ್ರಶ್ನೆ ಆಗಿಹೋಯ್ತು.

ಇದಕ್ಕೇ ನಾನು ಬರೀತಿರೋದು. ಕಾರಣ ಗೊತ್ತಿಲ್ಲದ ಕಡೆ ಜನ ತಪ್ಪು ಹುಡುಕ್ತಾರೆ.

3/6

ಹೆಣ್ಣಿನ ಲೈಂಗಿಕ ತೊಂದರೆ ಅಂದ್ರೆ ನೋವೊಂದೇ ಅಲ್ಲ. ಸುಲಭವಾಗಿ ನೆನಪಿಟ್ಟುಕೊಳ್ಳೋಕೆ ನಾಲ್ಕು ಗುಂಪು ಮಾಡ್ಕೊಳ್ಳಿ.

ಆಸಕ್ತಿಯೇ ಬರದಿರೋದು. ಮನಸ್ಸಿಗೆ ಆಸಕ್ತಿ ಇದ್ರೂ ದೇಹ ಸ್ಪಂದಿಸದೆ ಒಣಗಿದ ಹಾಗೆ ಇರೋದು. ಸುಖದ ತುದಿ, ಅಂದ್ರೆ ಆರ್ಗ್ಯಾಸಂ, ಸಿಗದಿರೋದು. ಸೇರುವಾಗ ನೋವು, ಅಥವಾ ಸೇರೋಕೇ ಆಗದಿರೋದು.

ಹಾಗಂತ ಒಂದೆರಡು ವಾರ ಮನಸ್ಸಿಲ್ಲದಿದ್ರೆ ಅದು ಕಾಯಿಲೆ ಅಲ್ಲ. ಪರೀಕ್ಷೆ ಟೆನ್ಶನ್, ಕೆಲಸದ ಸುಸ್ತು, ಜಗಳ, ಯಾವುದಕ್ಕೂ ಹಾಗಾಗಬಹುದು. ಮನೋವೈದ್ಯರು ಬಳಸೋ ಡಿಎಸ್‌ಎಂ-5 ಅನ್ನೋ ಕೈಪಿಡಿ 2013ರಲ್ಲಿ ಬಂತು. ಅದರ ಪ್ರಕಾರ ತೊಂದರೆ ಸುಮಾರು 6 ತಿಂಗಳಾದ್ರೂ ಇರಬೇಕು, ಅದರಿಂದ ಆ ಹೆಣ್ಣಿಗೇ ಬೇಸರ, ಸಂಕಟ ಆಗ್ತಿರಬೇಕು. ಅವಳಿಗೆ ಸೆಕ್ಸಲ್ಲಿ ಆಸಕ್ತಿ ಇಲ್ಲ, ಅದರ ಬಗ್ಗೆ ಅವಳಿಗೆ ಬೇಸರವೂ ಇಲ್ಲ ಅಂದ್ರೆ ಅವಳಿಗೆ ‘ರೋಗ’ ಅಂತ ಹಣೆಪಟ್ಟಿ ಹಚ್ಚೋ ಹಾಗಿಲ್ಲ. ಆದ್ರೆ ನೋವಿದ್ರೆ 6 ತಿಂಗಳು ಕಾಯ್ತಾ ಕೂರಬೇಡಿ. ಆ ಲೆಕ್ಕ ಡಾಕ್ಟರ್ ಕಾಯಿಲೆಗೆ ಹೆಸರಿಡೋಕೆ ಮಾತ್ರ.

ಇನ್ನೊಂದು ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11, 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಈ ತೊಂದರೆಗಳನ್ನ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು, ಲೈಂಗಿಕ ಆರೋಗ್ಯ ಅಂತಲೇ ಬೇರೆ ಅಧ್ಯಾಯದಲ್ಲಿ ಇಟ್ಟಿದ್ದಾರೆ. ‘ಎಲ್ಲಾ ನಿನ್ನ ತಲೇಲಿದೆ’ ಅಂತ ಯಾರಾದ್ರೂ ಹೇಳಿದ್ರೆ ಇದನ್ನ ತೋರಿಸಿ. ಮನಸ್ಸು, ದೇಹ ಎರಡೂ ಇದರಲ್ಲಿ ಸೇರಿಕೊಂಡಿವೆ.

4/6

ಕಾರಣಗಳು. ಇದನ್ನ ಸೇವ್ ಮಾಡಿಟ್ಕೊಳ್ಳಿ.

ಹಾರ್ಮೋನ್: ಈಸ್ಟ್ರೋಜನ್ ಕಡಿಮೆ ಆದ್ರೆ ಯೋನಿ ಒಣಗತ್ತೆ, ಚರ್ಮ ತೆಳುವಾಗತ್ತೆ. ಮುಟ್ಟು ನಿಂತ ಮೇಲೆ ಹೀಗಾಗತ್ತೆ, ಎದೆಹಾಲು ಕುಡಿಸೋ ಬಾಣಂತಿಗೂ ಆಗತ್ತೆ. ಗರ್ಭಕೋಶದ ಜೊತೆ ಅಂಡಾಶಯ ಎರಡನ್ನೂ ತೆಗೆಸಿದವರಿಗೆ ಇದ್ದಕ್ಕಿದ್ದ ಹಾಗೆ ಆಗತ್ತೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಏರುಪೇರಾದ್ರೂ ಆಸಕ್ತಿ ಇಳಿಯತ್ತೆ.

ಕಾಯಿಲೆ: ಸಕ್ಕರೆ ಕಾಯಿಲೆ ನರ, ರಕ್ತನಾಳ ಎರಡಕ್ಕೂ ಪೆಟ್ಟು ಕೊಡತ್ತೆ. ಸೋಂಕು, ಎಂಡೋಮೆಟ್ರಿಯೋಸಿಸ್, ಹೆರಿಗೆಯಲ್ಲಿ ಹಾಕಿದ ಹೊಲಿಗೆಯ ಗಾಯ, ಇವೆಲ್ಲಾ ನೋವಿಗೆ ಕಾರಣ ಆಗಬಹುದು.

ಮಾತ್ರೆ: ಖಿನ್ನತೆಗೆ ಕೊಡೋ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳಿಂದ ಆಸಕ್ತಿ ಕಡಿಮೆ ಆಗಬಹುದು, ಆರ್ಗ್ಯಾಸಂ ತಡ ಆಗಬಹುದು. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿದ್ರೆ ಪ್ರಮಾಣ ಕಡಿಮೆ ಮಾಡ್ತಾರೆ ಅಥವಾ ಬೇರೆ ಮಾತ್ರೆಗೆ ಬದಲಾಯಿಸ್ತಾರೆ.

ಮನಸ್ಸು ಮತ್ತು ಮನೆ: ಚಿಕ್ಕಂದಿನಲ್ಲಿ ಆದ ದೌರ್ಜನ್ಯ, ಖಿನ್ನತೆ, ಗಂಡನ ಜೊತೆ ಮಾತಿಲ್ಲದಿರೋದು, ಪಕ್ಕದ ರೂಮಿನಲ್ಲಿ ಅತ್ತೆ ಮಾವ ಇದ್ದಾರೆ ಅನ್ನೋ ಸಂಕೋಚ, ಬಸುರಿ ಆಗಿಬಿಡ್ತೀನಿ ಅನ್ನೋ ಭಯ.

ಸುಳ್ಳು ನಂಬಿಕೆ: ‘ಮೊದಲ ರಾತ್ರಿ ರಕ್ತ ಬರಲೇಬೇಕು, ನೋವಾಗಲೇಬೇಕು.’ ಕನ್ಯಾಪೊರೆ ನೋಡಿ ಯಾವ ಹೆಣ್ಣಿನ ಹಿಂದಿನ ಬದುಕನ್ನೂ ಹೇಳೋಕಾಗಲ್ಲ. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ, ಅದನ್ನ ನಿಲ್ಲಿಸಿ ಅಂತ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2018ರಲ್ಲೇ ಹೇಳಿವೆ. ಆದ್ರೆ ಅಕ್ಕ ಮದುವೆಗೆ ಮುಂಚೆ ಕೇಳಿದ್ದೆಲ್ಲಾ ಬರೀ ರಕ್ತ, ನೋವಿನ ಕಥೆ. ಅಷ್ಟು ಹೆದರಿದ ದೇಹ ಬಿಗಿಯದೆ ಇನ್ನೇನು ಮಾಡತ್ತೆ?

ಕೊನೆಯದು, ಆಸಕ್ತಿಯ ಬಗ್ಗೆ. ಸಿನಿಮಾದಲ್ಲಿ ತೋರಿಸೋ ಹಾಗೆ ಆಸೆ ಯಾವಾಗಲೂ ಮೊದಲೇ ಬರಬೇಕು ಅಂತಿಲ್ಲ. ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ 2000ರಲ್ಲಿ ಒಂದು ಮಾದರಿ ಮುಂದಿಟ್ರು. ಹಲವು ಹೆಂಗಸರಿಗೆ ಮೊದಲು ಹತ್ತಿರ ಇರೋ ನೆಮ್ಮದಿ, ಪ್ರೀತಿಯ ಸ್ಪರ್ಶ, ಆಮೇಲೆ ಆಸೆ. ತಡವಾಗಿ ಬರೋ ಆಸೆಯೂ ಆಸೆಯೇ.

5/6

ಚಿಕಿತ್ಸೆಗೆ ಬರೋಣ. ಅಕ್ಕನಿಗೆ ಸಿಕ್ಕ ಮೂರನೇ ಡಾಕ್ಟರ್ ಮೊದಲು ಮಾಡಿದ್ದು ಒಂದೇ ಕೆಲಸ, ಪೂರ್ತಿ ಕೇಳಿಸಿಕೊಂಡ್ರು. ‘ಇವತ್ತು ಒಳಪರೀಕ್ಷೆ ಬೇಡ. ನೀವು ಯಾವಾಗ ಸರಿ ಅಂತೀರೋ ಆಗ ಮಾಡೋಣ, ನಿಲ್ಲಿಸಿ ಅಂದ್ರೆ ನಿಲ್ಲಿಸ್ತೀನಿ’ ಅಂದ್ರು. ಸೋಂಕು, ಗಾಯ ಏನೂ ಇಲ್ಲ ಅಂತ ಖಚಿತ ಆದ ಮೇಲೆ ಪೆಲ್ವಿಕ್ ಫ್ಲೋರ್ ಗೊತ್ತಿರೋ ಫಿಸಿಯೋಥೆರಪಿಸ್ಟ್ ಹತ್ರ ಕಳಿಸಿದ್ರು.

ನಮ್ಮ ಕ್ಲಾಸಿನವರು ಇಲ್ಲಿ ಗಮನಿಸಿ. ಪೆಲ್ವಿಕ್ ಫ್ಲೋರ್ ಅಂದ ಕೂಡಲೇ ನಾವು ‘ಕೆಗೆಲ್’ ಅಂತೀವಿ. ಇಲ್ಲಿ ಸ್ನಾಯು ಸಡಿಲ ಆಗಿಲ್ಲ, ಬಿಗಿದಿದೆ. ಅದನ್ನ ಇನ್ನಷ್ಟು ಬಿಗಿಸೋ ವ್ಯಾಯಾಮ ಕೊಟ್ರೆ ನೋವು ಜಾಸ್ತಿ ಆಗಬಹುದು. ಮೊದಲು ಕಲಿಸಬೇಕಾದದ್ದು ಸಡಿಲ ಬಿಡೋದನ್ನ. ಹೊಟ್ಟೆ ತುಂಬಾ ಉಸಿರು ತಗೊಂಡು, ಮೂತ್ರ ಬಿಡುವಾಗ ಆಗೋ ಹಾಗೆ ಕೆಳಗಿನ ಸ್ನಾಯುಗಳನ್ನ ಹಗುರ ಬಿಡೋದು. ಆಮೇಲೆ ಡೈಲೇಟರ್. ಕಿರುಬೆರಳಿನಷ್ಟು ಚಿಕ್ಕದರಿಂದ ಶುರು ಮಾಡಿ, ಜೆಲ್ ಹಚ್ಚಿ, ಅವಳೇ ತನ್ನ ಕೈಯಿಂದ, ತನ್ನ ವೇಗದಲ್ಲಿ. ‘ಇದರಿಂದ ಅಪಾಯ ಇಲ್ಲ’ ಅಂತ ದೇಹಕ್ಕೆ ಸ್ವಲ್ಪಸ್ವಲ್ಪವೇ ಕಲಿಸೋ ಕೆಲಸ ಅದು.

ಜೊತೆಗೆ ಇಬ್ಬರಿಗೂ ಕೌನ್ಸೆಲಿಂಗ್. ಕೆಲವು ವಾರ ಸೆಕ್ಸ್ ಪ್ರಯತ್ನವೇ ಬೇಡ, ಬರೀ ಸ್ಪರ್ಶ, ಮಾತು. ಈ ವಿಧಾನವನ್ನ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಬಂದ ಪುಸ್ತಕದಲ್ಲಿ ವಿವರಿಸಿದ್ರು, ಇವತ್ತಿಗೂ ಬಳಕೆಯಲ್ಲಿದೆ. ‘ಆಗಲೇಬೇಕು’ ಅನ್ನೋ ಒತ್ತಡ ಹೋದ ಮೇಲೆ ಭಾವನಿಗೂ ಅರ್ಥ ಆಯ್ತು, ಅವಳು ದೂರ ತಳ್ಳಿದ್ದು ತಮ್ಮನ್ನಲ್ಲ ಅಂತ. ಸುಮಾರು ಏಳು ತಿಂಗಳು ಹಿಡೀತು. ಮಧ್ಯೆ ಎರಡು ಸಲ ಅಕ್ಕ ‘ನನ್ನ ಕೈಲಾಗಲ್ಲ’ ಅಂತ ಬಿಟ್ಟಿದ್ಲು. ಈಗ ಇಬ್ಬರೂ ಚೆನ್ನಾಗಿದ್ದಾರೆ. ಮಗುವಿನ ವಿಷಯ ಅವರಿಬ್ಬರದು, ನಾನು ಕೇಳಿಲ್ಲ, ನೀವೂ ಕೇಳಬೇಡಿ.

ಬೇರೆ ಕಾರಣಕ್ಕೆ ಬೇರೆ ಚಿಕಿತ್ಸೆ. ಒಣಗಿದ್ರೆ ಜೆಲ್, ಅಗತ್ಯ ಇದ್ರೆ ಡಾಕ್ಟರ್ ಬರೆದುಕೊಡೋ ಈಸ್ಟ್ರೋಜನ್ ಕ್ರೀಮ್. ಕಾಂಡೋಮ್ ಜೊತೆ ಕೊಬ್ಬರಿ ಎಣ್ಣೆ ಬಳಸಬೇಡಿ, ಎಣ್ಣೆಗೆ ಲ್ಯಾಟೆಕ್ಸ್ ಹಾಳಾಗತ್ತೆ. ಸೋಂಕಿದ್ರೆ ಸೋಂಕಿಗೆ ಮದ್ದು, ಥೈರಾಯ್ಡ್ ಇದ್ರೆ ಥೈರಾಯ್ಡಿಗೆ.

‘ಹೆಂಗಸರ ವಯಾಗ್ರ’ ಅಂತ ಸುದ್ದಿಯಾದ ಫ್ಲಿಬಾನ್ಸರಿನ್ ಬಗ್ಗೆ ಕೇಳಿರ್ತೀರಿ. ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ತು. ಅದು ವಯಾಗ್ರ ಥರ ಕೆಲಸ ಮಾಡಲ್ಲ. ವಯಾಗ್ರ ರಕ್ತದ ಹರಿವಿನ ಮೇಲೆ, ಇದು ಮೆದುಳಿನ ರಾಸಾಯನಿಕಗಳ ಮೇಲೆ. ದಿನಾ ತಗೋಬೇಕು, ಲಾಭ ಸಾಧಾರಣ. ಮದ್ಯದ ಜೊತೆ ಸೇರಿದ್ರೆ ಬಿಪಿ ಕುಸಿದು ತಲೆಸುತ್ತು ಬರೋ ಅಪಾಯ ಇದೆ. ನೋವಿಗಂತೂ ಇದು ಮದ್ದಲ್ಲ. ಇನ್ನು ಬಸ್‌ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗ’ ಪೋಸ್ಟರ್ ನೋಡಿ, ಏನು ಬೆರೆಸಿದ್ದಾರೋ ಗೊತ್ತಿಲ್ಲದ ಪುಡಿಗೆ ದುಡ್ಡು ಸುರೀಬೇಡಿ.

6/6

ಎಲ್ಲಿಗೆ ಹೋಗೋದು? ಮೊದಲು ಸ್ತ್ರೀರೋಗ ತಜ್ಞರು. ಜಿಲ್ಲಾಸ್ಪತ್ರೆಗಳಲ್ಲೂ ಇರ್ತಾರೆ. ಲೇಡಿ ಡಾಕ್ಟರೇ ಬೇಕು ಅಂತ ಕೇಳಬಹುದು. ಪರೀಕ್ಷೆ ಮಧ್ಯದಲ್ಲಿ ‘ನಿಲ್ಲಿಸಿ’ ಅನ್ನೋದು ನಿಮ್ಮ ಹಕ್ಕು. 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಇವೆ. ಭಯ, ಖಿನ್ನತೆ ಕಾಡ್ತಿದ್ರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸೆಕ್ಸ್ ಆದ ಮೇಲೆ ರಕ್ತ ಬಂದ್ರೆ, ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡ್ರೆ, ಜ್ವರದ ಜೊತೆ ಕಿಬ್ಬೊಟ್ಟೆ ನೋವಿದ್ರೆ ಅಥವಾ ಕೆಟ್ಟ ವಾಸನೆಯ ಸ್ರಾವ ಇದ್ರೆ ತಡ ಮಾಡಬೇಡಿ.

ಹುಡುಗರಿಗೆ ಒಂದು ಮಾತು. ‘ನೋವಾಗ್ತಿದೆ’ ಅಂದ್ರೆ ಅಲ್ಲಿಗೆ ನಿಲ್ಲಿಸಿ. ಬಲವಂತ ಮಾಡಿದಷ್ಟೂ ದೇಹ ಆ ಭಯವನ್ನ ಇನ್ನೂ ಚೆನ್ನಾಗಿ ಕಲೀತಾ ಹೋಗತ್ತೆ. ಅವಳ ಜೊತೆ ಆಸ್ಪತ್ರೆಗೆ ನೀವೂ ಹೋಗಿ, ಹೊರಗೆ ಬೆಂಚಲ್ಲಿ ಕೂತಿದ್ರೂ ಸಾಕು.

ಹುಡುಗೀರಿಗೆ, ಡಾಕ್ಟರ್ ಎದುರು ಬಾಯಿ ಕಟ್ಟಿದ್ರೆ ಹೇಳೋಕೆ ಮೂರು ವಾಕ್ಯ. ಬೇಕಾದ್ರೆ ಚೀಟೀಲಿ ಬರ್ಕೊಂಡು ಹೋಗಿ.

‘ಡಾಕ್ಟ್ರೇ, ಸೇರುವಾಗ ನನಗೆ ನೋವಾಗತ್ತೆ.’
‘ಇಂಥ ಜಾಗದಲ್ಲಿ, ಇಷ್ಟು ತಿಂಗಳಿಂದ.’
‘ಸಹಿಸ್ಕೋ ಅನ್ನಬೇಡಿ, ಕಾರಣ ಏನು ಅಂತ ನೋಡಿ.’

#ನೋವಿಗೆಕಾರಣಇದೆ #ಮಾತಾಡೋಣ #ಲೈಂಗಿಕಆರೋಗ್ಯ