ಹಾಡಿನ ನಡುವಿನ ಮಾತು

ಫ್ರಾಂಕ್ ಸಿನಾತ್ರಾನ ‘ಸಿನಾತ್ರಾ ಅಟ್ ದ ಸ್ಯಾಂಡ್ಸ್’ ಆಲ್ಬಮ್ಮಿನ ಮಾತು ಬಂದರೆ ಜಾಜ್ ಕೇಳುವವರಲ್ಲಿ ಜಗಳ ಶುರುವಾಗುವುದು ಹಾಡುಗಳ ಬಗ್ಗೆ ಅಲ್ಲ, ಹಾಡಲ್ಲದ ಒಂದು ಭಾಗದ ಬಗ್ಗೆ. ಎರಡು ಎಲ್‌ಪಿಗಳ ಈ ಸಂಗ್ರಹದ ನಡುವೆ, 11 ನಿಮಿಷಕ್ಕೂ ಹೆಚ್ಚು ಹೊತ್ತು, ಗಾಯಕ ಹಾಡುವುದನ್ನು ಬಿಟ್ಟು ಹರಟುತ್ತಾನೆ. ‘ದ ಟೀ ಬ್ರೇಕ್’ ಎಂದು ಅದಕ್ಕೆ ಹೆಸರೂ ಉಂಟು. ಎಳವೆಯಲ್ಲಿ ತಾನು ಎಷ್ಟು ಸಣಕಲನಾಗಿದ್ದೆ, ಗೆಳೆಯ ಡೀನ್ ಮಾರ್ಟಿನ್ ಎಷ್ಟು ಕುಡಿಯುತ್ತಾನೆ, ಇಂಥವೇ ಸುದ್ದಿ. ನನ್ನ ಪರಿಚಯದ ಹಿರಿಯ ಕೇಳುಗರೊಬ್ಬರು ಈ ಭಾಗ ಬಂತೆಂದರೆ ಎದ್ದುಹೋಗಿ ಮುಳ್ಳನ್ನು ಮುಂದಿನ ಹಾಡಿನ ಮೇಲಿಟ್ಟು ಬರುತ್ತಾರೆ. ‘ಜೋಕು ಒಂದು ಸಲಕ್ಕೆ ಮುಗೀತು ಕಣ್ರೀ, ಹಾಡು ಹಾಗಲ್ಲ’ ಎನ್ನುವುದು ಅವರ ವಾದ.

ವಾದದಲ್ಲಿ ಹುರುಳಿದೆ. ಆ ಜೋಕುಗಳಲ್ಲಿ ಹಲವು ಹಳಸಿವೆ. ಆದರೂ ನಾನು ಮುಳ್ಳು ಎತ್ತುವವರ ಪಕ್ಷದವನಲ್ಲ.

ಸ್ಯಾಂಡ್ಸ್ ಎಂಬುದು ಲಾಸ್ ವೇಗಸ್ಸಿನಲ್ಲಿ 1996ರವರೆಗೆ ಇದ್ದ ಒಂದು ಹೋಟೆಲು, ಜೊತೆಗೆ ಜೂಜುಮನೆ. ಅದರ ಕೋಪಾ ರೂಮಿನಲ್ಲಿ ಜನ ಮೇಜುಗಳ ಸುತ್ತ ಕುಳಿತು, ತಿನ್ನುತ್ತ ಕುಡಿಯುತ್ತ ಹಾಡು ಕೇಳುತ್ತಿದ್ದರು. ಧ್ವನಿಮುದ್ರಣ ನಡೆದದ್ದು 1966ರ ಜನವರಿ, ಫೆಬ್ರವರಿಯಲ್ಲಿ. ಸಿನಾತ್ರಾಗೆ ಐವತ್ತು ತುಂಬಿ ಕೆಲವೇ ವಾರಗಳಾಗಿದ್ದವು. ಹಿಂದೆ ಕೌಂಟ್ ಬೇಸಿಯ ವಾದ್ಯವೃಂದ. ವಾದ್ಯ ಸಂಯೋಜನೆ ಮಾಡಿ ವೃಂದವನ್ನು ನಡೆಸಿದವನು ಕ್ವಿನ್ಸಿ ಜೋನ್ಸ್, ಆಗಿನ್ನೂ 32ರ ಯುವಕ. ಅಷ್ಟು ವರ್ಷ ಸ್ಟುಡಿಯೊಗಳಲ್ಲಿ ಹಾಡಿದ್ದ ಸಿನಾತ್ರಾ ಹೊರತಂದ ಮೊದಲ ಲೈವ್ ಆಲ್ಬಮ್ ಇದು. ಒಂದೇ ಸಂಜೆಯ ಕಾರ್ಯಕ್ರಮದಂತೆ ಕೇಳಿಸಿದರೂ ಇದು ಹಲವು ರಾತ್ರಿಗಳಿಂದ ಆರಿಸಿ ಜೋಡಿಸಿದ್ದು. ಅಂದರೆ ಕತ್ತರಿ ಆಡಿಸಬೇಕಾದ ಕಡೆ ನಿರ್ಮಾಪಕ ಸನ್ನಿ ಬರ್ಕ್ ಆಗಲೇ ಆಡಿಸಿದ್ದ. ಆ ಹರಟೆ ಬೇಡವಾಗಿದ್ದರೆ ಸುಲಭವಾಗಿ ತೆಗೆಯಬಹುದಿತ್ತು. ಬೇಕೆಂದೇ ಉಳಿಸಿಕೊಂಡರು.

ಜಾಗದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಕಪ್ಪು ಜನಾಂಗದ ಕಲಾವಿದರನ್ನು ವೇದಿಕೆ ಹತ್ತಿಸಿ, ರಾತ್ರಿ ಉಳಿಯಲು ಕೋಣೆ ಕೊಡದೆ ಕಳಿಸುವುದು ವರ್ಣಭೇದ ಕೊನೆಗಾಣಿಸುವ 1960ರ ಒಪ್ಪಂದ ಆಗುವವರೆಗೂ ಲಾಸ್ ವೇಗಸ್ಸಿನ ಬಹುಪಾಲು ಹೋಟೆಲುಗಳ ರೂಢಿಯಾಗಿತ್ತು. ಅದಾದ ಆರೇ ವರ್ಷಕ್ಕೆ ಕಪ್ಪು ಜನಾಂಗದವನೇ ಆದ ಬೇಸಿಯ ವೃಂದ ಅಲ್ಲಿ ನುಡಿಸುತ್ತಿದೆ, ಅದೇ ಜನಾಂಗದ ಕ್ವಿನ್ಸಿ ಕೈಬೀಸಿ ನಡೆಸುತ್ತಿದ್ದಾನೆ. ಗಾಯಕ ಆಗಾಗ ಪಕ್ಕಕ್ಕೆ ಸರಿದು ‘ಒನ್ ಒ’ಕ್ಲಾಕ್ ಜಂಪ್’, ‘ಆಲ್ ಆಫ್ ಮಿ’, ‘ಮೇಕಿನ್ ವೂಪಿ’ಗಳನ್ನು ವೃಂದಕ್ಕೇ ಬಿಟ್ಟುಕೊಡುತ್ತಾನೆ. ಸಿನಾತ್ರಾನ ಧ್ವನಿಗಾಗಿಯೇ ದುಡ್ಡು ಕೊಟ್ಟವರಿಗೆ ಇವು ಅಡ್ಡ ಬಂದಂತೆ ಅನ್ನಿಸುವುದುಂಟು. ನನಗಂತೂ ಆ ಬಿಟ್ಟುಕೊಡುವಿಕೆಯೇ ಈ ಆಲ್ಬಮ್ಮಿನ ಘನತೆ.

ಬೇಸಿಯ ವೃಂದವನ್ನು ಕೇಳುವಾಗ ಹಿತ್ತಾಳೆ ವಾದ್ಯಗಳ ಅಬ್ಬರಕ್ಕೇ ಕಿವಿ ಹೋಗುತ್ತದೆ. ಸ್ವಲ್ಪ ತಡೆದು ಫ್ರೆಡ್ಡಿ ಗ್ರೀನನ ಗಿಟಾರನ್ನು ಹುಡುಕಬೇಕು. 1937ರಲ್ಲಿ ವೃಂದ ಸೇರಿದ ಈ ಮನುಷ್ಯ ಆಂಪ್ಲಿಫೈಯರ್ ಇಲ್ಲದೆ, ಒಂಟಿಯಾಗಿ ಮೆರೆಯುವ ಆಸೆಯೂ ಇಲ್ಲದೆ, ಒಂದು ತಾಳಾವರ್ತಕ್ಕೆ ನಾಲ್ಕು ಮೀಟು ಹಾಕುತ್ತ ದಶಕಗಳನ್ನು ಕಳೆದ. ಸನ್ನಿ ಪೇನ್ ಡ್ರಮ್ಮಿನ ಮೇಲೆ ಸಿಡಿದೇಳುವುದು ಆ ನಾಲ್ಕು ಮೀಟುಗಳ ಭರವಸೆಯ ಮೇಲೆ. ಬೇಸಿಯೋ, ಪಿಯಾನೊದ ಮುಂದೆ ಕುಳಿತು ಎರಡೋ ಮೂರೋ ಸ್ವರ ಒತ್ತಿ ಸುಮ್ಮನಾಗುತ್ತಾನೆ. ಲಯ ಇಷ್ಟು ಗಟ್ಟಿಯಾಗಿ ನಿಂತಾಗ ಗಾಯಕನಿಗೆ ಅವಸರವೇ ಇಲ್ಲ. ಸಿನಾತ್ರಾ ಬೀಟು ಬಿದ್ದ ಮೇಲೆ ಒಂದೆಳೆ ತಡವಾಗಿ ಬರುತ್ತಾನೆ, ಒಂದು ಪದವನ್ನು ಎಳೆಯುತ್ತಾನೆ, ಮುಂದಿನ ನಾಲ್ಕನ್ನು ಒಟ್ಟಿಗೆ ಮುಗಿಸಿ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತಾನೆ.

ಹೀಗೆ ತಡೆದು, ಎಳೆದು, ಧಾವಿಸುವುದು ಅವನ ಹರಟೆಯಲ್ಲೂ ಹಾಗೇ ಇದೆ. ಜೋಕಿನ ಕೊನೆಯ ಪದಕ್ಕೆ ಮುನ್ನ ಅವನು ಬಿಡುವ ಮೌನ ಮತ್ತು ಹಾಡಿನ ಸಾಲಿಗೆ ಮುನ್ನ ತೆಗೆದುಕೊಳ್ಳುವ ಉಸಿರು ಒಂದೇ ಕಸುಬಿನವು. ಜೋಕು ಹಳಸಬಹುದು, ಆ ಮೌನ ಹಳಸಿಲ್ಲ. ಅವನ ಗಾಯನ ಮಾತಿನಿಂದಲೇ ಎದ್ದು ಬಂದದ್ದು ಎಂಬುದು ಸ್ಟುಡಿಯೊ ಧ್ವನಿಮುದ್ರಣಗಳಲ್ಲಿ ಊಹೆ. ಇಲ್ಲಿ ಕಿವಿಯಾರೆ ಕೇಳಬಹುದು.

ಎರಡನೆಯ ಜಗಳ ನೆಲ್ಸನ್ ರಿಡಲ್ ಪಕ್ಷದವರದು. ಸಿನಾತ್ರಾನಿಗಾಗಿ ರಿಡಲ್ ವಾದ್ಯ ಸಂಯೋಜನೆ ಮಾಡಿದ 1956ರ ‘ಸಾಂಗ್ಸ್ ಫಾರ್ ಸ್ವಿಂಗಿನ್ ಲವರ್ಸ್’ ಆಲ್ಬಮ್ಮಿನ ಮುಂದೆ ಸ್ಯಾಂಡ್ಸ್ ಒರಟು ಎನ್ನುತ್ತಾರೆ ಅವರು. ಪಿಟೀಲುಗಳ ನಯ ಇಲ್ಲ, ಧ್ವನಿಗೂ ವಯಸ್ಸಾಗಿದೆ. ಎರಡು ಹಾಡುಗಳನ್ನು ಎರಡೂ ಆಲ್ಬಮ್ಮುಗಳಲ್ಲಿ ಸಿನಾತ್ರಾ ಹಾಡಿರುವುದರಿಂದ ಪಕ್ಕಪಕ್ಕ ಇಟ್ಟು ನೋಡಬಹುದು. ‘ಐವ್ ಗಾಟ್ ಯೂ ಅಂಡರ್ ಮೈ ಸ್ಕಿನ್’ ಹಾಡಿನಲ್ಲಿ ನಾನು ರಿಡಲ್ ಕಡೆಗೇ. ಸ್ಟುಡಿಯೊದಲ್ಲಿ 22 ಸಲ ನುಡಿಸಿ ದಕ್ಕಿಸಿಕೊಂಡದ್ದು ಅದು. ಮೆಲ್ಲಗೆ ಏರಿ ಏರಿ, ಮಿಲ್ಟ್ ಬರ್ನ್‌ಹಾರ್ಟನ ಟ್ರಾಂಬೋನಿನಲ್ಲಿ ಒಡೆದು ಸುರಿಯುವ ಆ ಘಳಿಗೆಗೆ ಸಮನಾದದ್ದು ಸ್ಯಾಂಡ್ಸಿನಲ್ಲಿ ಇಲ್ಲ.

‘ಯೂ ಮೇಕ್ ಮಿ ಫೀಲ್ ಸೋ ಯಂಗ್’ ಹಾಡಿನಲ್ಲಿ ಮಾತ್ರ ನನ್ನ ಮತ ಸ್ಯಾಂಡ್ಸಿಗೆ. ನಲವತ್ತರಲ್ಲಿ ಅದನ್ನು ಹಾಡಿದಾಗ ಯೌವನ ಅವನ ಧ್ವನಿಯಲ್ಲೇ ಇತ್ತು, ನಂಬಿಸಬೇಕಾದ್ದೇನೂ ಇರಲಿಲ್ಲ. ಸ್ಯಾಂಡ್ಸಿನಲ್ಲಿ ಆ ಹಾಡು ಬರುವುದು ಟೀ ಬ್ರೇಕಿನ ಬೆನ್ನಿಗೇ. 11 ನಿಮಿಷ ಐವತ್ತರ ಮನುಷ್ಯನೊಬ್ಬ ಗೊಗ್ಗರು ದನಿಯಲ್ಲಿ ಹಳೆಯ ದಿನ, ಹಳೆಯ ಗೆಳೆಯರ ಸುದ್ದಿ ಹೇಳಿದ್ದಾನೆ. ಅದೇ ಬಾಯಿ ಮರುಕ್ಷಣ ಎಳೆಯ ಪ್ರಾಯದ ಹಾಡು ಎತ್ತಿಕೊಂಡಾಗ, ಬೇಸಿಯ ವೃಂದ ಕೆಳಗಿನಿಂದ ಅವನನ್ನು ಎತ್ತಿ ಹಿಡಿದಾಗ, ಆ ಉತ್ಸಾಹ ಅವನು ಈಗಷ್ಟೇ ಗೆದ್ದುಕೊಂಡದ್ದು ಅನ್ನಿಸುತ್ತದೆ. ಮುಳ್ಳು ಎತ್ತಿ ನೇರವಾಗಿ ಈ ಹಾಡಿನ ಮೇಲಿಟ್ಟರೆ ಸಿಗುವುದು ಒಳ್ಳೆಯ ಸ್ವಿಂಗ್ ಹಾಡು, ಅಷ್ಟೇ. ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ಎರಡನೆಯ ಬದಿಯಿಂದ ಎನ್ನುತ್ತೇನೆ: ‘ಒನ್ ಒ’ಕ್ಲಾಕ್ ಜಂಪ್’ ಮುಗಿಯಲಿ, ಜೋಕು ಹಿಡಿಸಲಿ ಬಿಡಲಿ ಮಾತು ಪೂರ್ತಿ ಆಗಲಿ, ಆಮೇಲೆ ಹಾಡು ತಾನಾಗಿ ಬರುತ್ತದೆ.