ಬೆಟ್ಟ ಒಪ್ಪಿತು, ಹೊಳೆ ಮುನಿಯಿತು

ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ನೇಪಾಳದ ರಾಜಧಾನಿ ಕಠ್ಮಂಡುವಿನ ಜನ ಕೇಳಿರಲಿಕ್ಕಿಲ್ಲ. ಕೇಳಿದ್ದರೆ ಮೂರು ದಶಕಗಳಲ್ಲಿ ಅದನ್ನು ಸಾವಿರ ಸಲವಾದರೂ ಆಡಿರುತ್ತಿದ್ದರು. ಬೆಟ್ಟ ಅಗೆದದ್ದು ಮಾತ್ರ ಇಲಿಗಾಗಿ ಅಲ್ಲ, ಮೇಲಂಚಿ ಎಂಬ ಹೊಳೆಗಾಗಿ. 1990ರಲ್ಲಿ ಪ್ರಧಾನಿಯಾದ ಕೃಷ್ಣಪ್ರಸಾದ ಭಟ್ಟರಾಯ್ ಅವರು ಮೇಲಂಚಿಯ ನೀರು ತರಿಸಿ ಕಠ್ಮಂಡುವಿನ ಬೀದಿ ತೊಳೆಸುವುದಾಗಿ ಹೇಳಿದ್ದರೆಂಬ ಮಾತು ಅಲ್ಲಿ ಮನೆಮಾತು. ಕೊಡ ಹಿಡಿದು ಸಾಲಿನಲ್ಲಿ ನಿಂತ ಗೃಹಿಣಿಗೆ ಅದು ಮೊದಮೊದಲು ಆಸೆ, ಬರಬರುತ್ತಾ ನಗೆಚಾಟಿಕೆ.

ಹಿಮಾಲಯದ ಮಡಿಲಲ್ಲಿದ್ದೂ ನೀರಿಲ್ಲವೆಂದರೆ ನಂಬುವುದು ಕಷ್ಟ. ಹಿಂದೆ ಹೀಗಿರಲಿಲ್ಲ. ಲಿಚ್ಛವಿ ಅರಸರ ಕಾಲದಿಂದಲೂ ಈ ಕಣಿವೆಯಲ್ಲಿ 'ಹಿಟಿ' ಎಂಬ ತಗ್ಗಿನ ಕೊಳಗಳಿವೆ. ಮೆಟ್ಟಿಲಿಳಿದು ಹೋದರೆ ಕಲ್ಲಿನ ಮಕರದ ಬಾಯಿಂದ ನೀರು ಸುರಿಯುತ್ತದೆ. ಪಾಟಣದ ಮಂಗಹಿಟಿ 6ನೇ ಶತಮಾನದ್ದೆನ್ನುತ್ತಾರೆ. ಊರು ಬೆಳೆದಂತೆ ಹಳೆಯ ಕಾಲುವೆಗಳು ಮುಚ್ಚಿದವು, ಕಟ್ಟಡಗಳ ತಳಪಾಯ ನೆಲದೊಳಗಿನ ನೀರಿನ ದಾರಿ ಕತ್ತರಿಸಿತು, ಕೊಳವೆಬಾವಿಗಳು ಅಂತರ್ಜಲ ಹೀರಿದವು. ಎಷ್ಟೋ ಮಕರಗಳ ಬಾಯಿ ಒಣಗಿತು. ಆಮೇಲೆ ಉಳಿದದ್ದು ದೂರದ ಹೊಳೆಯ ಧ್ಯಾನ.

ಹೊಳೆ ಇರುವುದು ಬೆಟ್ಟಸಾಲಿನ ಆಚೆ, ಸಿಂಧುಪಾಲ್ಚೋಕ್ ಜಿಲ್ಲೆಯಲ್ಲಿ. ಪಂಪು ಹಾಕಿ ಬೆಟ್ಟ ಹತ್ತಿಸಿದರೆ ಕರೆಂಟಿನ ಖರ್ಚು ತಲೆತಲಾಂತರಕ್ಕೂ ತಪ್ಪದು. ಬೆಟ್ಟವನ್ನೇ ತೂತು ಮಾಡಿ ಸ್ವಲ್ಪವೇ ಇಳಿಜಾರು ಕೊಟ್ಟರೆ ನೀರು ತಾನೇ ನಡೆದು ಬರುತ್ತದೆ. ಹೀಗೆ ಹುಟ್ಟಿತು 26 ಕಿಲೋಮೀಟರಿಗೂ ಉದ್ದದ ಸುರಂಗದ ಯೋಜನೆ. ದಿನಕ್ಕೆ 17 ಕೋಟಿ ಲೀಟರ್ ನೀರು ಅದರ ಗುರಿ.

ಇಷ್ಟುದ್ದದ ಸುರಂಗವನ್ನು ಎರಡೇ ತುದಿಯಿಂದ ಕೊರೆಯುತ್ತ ಕೂತರೆ ಕೆಲಸ ಮುಗಿಯುವುದು ಯಾವ ಕಾಲಕ್ಕೆ? ಅದಕ್ಕೇ ನಡುನಡುವೆ ಬೆಟ್ಟದ ಪಕ್ಕೆಯಿಂದ ಅಡ್ಡಸುರಂಗ ತೆಗೆದು ಹಲವು ಕಡೆ ಒಟ್ಟಿಗೇ ಅಗೆದರು. ಬಂಡೆಗೆ ರಂಧ್ರ ಕೊರೆಯುವುದು, ಸಿಡಿಮದ್ದು ತುಂಬುವುದು, ಸಿಡಿಸುವುದು, ಹೊಗೆ ತಣಿದ ಮೇಲೆ ಕಲ್ಲು ಹೊರಸಾಗಿಸುವುದು, ಚಾವಣಿಗೆ ಉಕ್ಕಿನ ಮೊಳೆ ಹೊಡೆದು ಕಾಂಕ್ರೀಟು ಚಿಮ್ಮಿಸುವುದು. ಇಷ್ಟೆಲ್ಲ ಮಾಡಿದರೆ ಮುಂದೆ ಸಾಗುವುದು ಕೆಲವೇ ಅಡಿ. ಸೂರ್ಯನಿಲ್ಲದ, ದಿಕ್ಕು ಕಾಣದ ಕತ್ತಲಲ್ಲಿ ಎರಡು ಕಡೆಯ ಮಂದಿ ಒಂದೇ ಗೆರೆಯ ಮೇಲೆ ಎದುರುಬದುರಾಗಬೇಕು. ಅಳತೆಗಾರನ ಲೆಕ್ಕ ತಪ್ಪಿದರೆ ಬೆಟ್ಟ ನಗುತ್ತದೆ.

ಬೆಟ್ಟಕ್ಕಿಂತ ಮನುಷ್ಯರೇ ಹೆಚ್ಚು ಕಾಡಿದರು. 2012ರಲ್ಲಿ ಒಬ್ಬ ಗುತ್ತಿಗೆದಾರರ ಕರಾರು ರದ್ದಾಯಿತು; ಅವರ ಜಾಗಕ್ಕೆ ಬಂದವರು 2018ರ ಕೊನೆಗೆ ಕೆಲಸ ಬಿಟ್ಟು ನಡೆದರು. ನಡುವೆ 2015ರ ಏಪ್ರಿಲ್ 25ರ ಭೂಕಂಪ. ಸಿಂಧುಪಾಲ್ಚೋಕದಲ್ಲಿ ಹಳ್ಳಿಗೆ ಹಳ್ಳಿಯೇ ನೆಲಸಮವಾಯಿತು. ಎಲ್ಲಕ್ಕಿಂತ ಹೆಚ್ಚು ಸಾವು ಕಂಡ ಜಿಲ್ಲೆ ಅದೇ. ಸುರಂಗಕ್ಕೆ ಮಾತ್ರ ದೊಡ್ಡ ಪೆಟ್ಟಾಗಲಿಲ್ಲ. ನೆಲದ ಮೇಲೆ ನಿಂತ ಮನೆ ಓಲಾಡಿ ಒಡೆಯುತ್ತದೆ; ಬಂಡೆಯ ಹೊಟ್ಟೆಯೊಳಗಿನ ಸುರಂಗ ಬಂಡೆಯ ಜೊತೆಗೇ ಅಲುಗಿ ಸುಮ್ಮನಾಗುತ್ತದೆ.

2018ರ ಏಪ್ರಿಲ್‌ನಲ್ಲಿ ಕೊನೆಯ ಬಂಡೆ ಒಡೆಯಿತು. 2020ರ ಜುಲೈಯಲ್ಲಿ ನೀರು ತುಂಬಿಸಿ ಪರೀಕ್ಷಿಸುವಾಗ ಗೇಟು ಕಿತ್ತು ಇಬ್ಬರು ಕೊಚ್ಚಿಹೋದರು. ಅಂತೂ 2021ರ ಮಾರ್ಚ್‌ನಲ್ಲಿ ಕಠ್ಮಂಡು ಪಕ್ಕದ ಸುಂದರೀಜಲದಲ್ಲಿ ಮೇಲಂಚಿ ಹೊರಬಂದಳು. ಭಗೀರಥ ಪ್ರಯತ್ನ ಫಲಿಸಿತೆಂದು ಊರು ಹಿಗ್ಗಿತು.

ಹಿಗ್ಗು ಮೂರು ತಿಂಗಳದ್ದು. ಜೂನ್ 15ರಂದು ಹೊಳೆ ಉಕ್ಕಿತು. ಮೇಲೆ ಭೇಮಥಾಂಗ್ ಎಂಬಲ್ಲಿ ಯುಗಯುಗಗಳಿಂದ ಕೂಡಿದ್ದ ಮಣ್ಣುಕಲ್ಲಿನ ರಾಶಿಯನ್ನು ಕೊರೆದು ಹೊತ್ತು ತಂದು, ಸುರಂಗಕ್ಕೆ ನೀರು ತಿರುಗಿಸುವ ಕಟ್ಟೆಯನ್ನು ಹೂತುಹಾಕಿತು. ಕೆಳಗಿನ ಮೇಲಂಚಿ ಪೇಟೆ ಕೆಸರಿನಲ್ಲಿ ಮುಳುಗಿತು, ಜೀವಗಳೂ ಹೋದವು. ಕಠ್ಮಂಡುವಿಗೆ ಹೋದದ್ದು ನೀರು. ಆ ಪೇಟೆಯವರಿಗೆ ಹೋದದ್ದು ಮನೆ, ಗದ್ದೆ, ಬದುಕು. ಈ ಲೆಕ್ಕವನ್ನು ರಾಜಧಾನಿಯ ನಲ್ಲಿಗಳು ಹೇಳುವುದಿಲ್ಲ.

ಬೆಟ್ಟದೊಳಗಿನ ಒಂದೊಂದು ಬಿರುಕನ್ನೂ ಎಂಜಿನಿಯರುಗಳು ಮುಟ್ಟಿ ನೋಡಿದ್ದರು. ಹೊಳೆಯ ನೆತ್ತಿಯ ಮೇಲೆ ಕೂತಿದ್ದ ರಾಶಿಯ ಮೇಲೆ ಅಷ್ಟೇ ಕಣ್ಣಿದ್ದಿದ್ದರೆ? ಸುರಂಗವೆಂದರೆ ನಡುವಿನ ಕೊಳವೆಯಷ್ಟೇ ಅಲ್ಲ. ಅದರ ಬಾಯಿಯ ಮೇಲಿನ ಕಾಡು, ಮಂಜು, ಕುಸಿಯುವ ಗುಡ್ಡ ಎಲ್ಲವೂ ಅದಕ್ಕೆ ಸೇರಿದ್ದು.

ಆ ಮೇಲಿನ ವರ್ಷಗಳಲ್ಲಿ ಒಣಕಾಲಕ್ಕೆ ತಾತ್ಕಾಲಿಕ ಒಡ್ಡು ಕಟ್ಟಿ ನೀರು ತಿರುಗಿಸಿದರು. ಮಳೆ ಹಿಡಿದೊಡನೆ, ಬಂಡೆಮಣ್ಣು ನುಗ್ಗೀತೆಂದು ಸುರಂಗದ ಬಾಗಿಲು ಹಾಕಿದರು. ಹೊಳೆ ತುಂಬಿದಾಗ ನಲ್ಲಿ ಖಾಲಿ, ಹೊಳೆ ಬಡವಾದಾಗ ನಲ್ಲಿಗೆ ನೀರು! ಅತ್ತ ಪಾಟಣದ ಹಿಟಿಗಳಲ್ಲಿ ಒಣಗದೆ ಉಳಿದ ಮಕರಗಳ ಮುಂದೆ ಕೊಡಗಳ ಸಾಲು ಕರಗಲಿಲ್ಲ.